ಎರವಲು ಗಂಟಲು

“ಒಂದೇ ಒಂದು ಸಲ ‘ಒಪ್ಪಿದ್ದೇನೆ’ ಅಂತ ಅಂದುಬಿಡಿ, ಮುಗೀತು,” ಎಂದು ಗುಮಾಸ್ತ ಮೈಕನ್ನು ಕಂಡಕ್ಟರ್ ಮುಂದಕ್ಕೆ ತಳ್ಳಿದ.

ಪಕ್ಕದಲ್ಲಿದ್ದ ಕಂಡಕ್ಟರ್ ಹೆಂಡತಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಕೌಂಟರಿನ ಗಾಜಿಗೆ ಅಂಗೈ ಅಗಲದ ಅಕ್ಷರದಲ್ಲಿ ‘ಮಾತು ಕಳೆದುಕೊಂಡವರಿಗೆ ಮಾತಿನ ಯಂತ್ರ: ಅರ್ಜಿ ಇಲ್ಲಿ’ ಎಂದು ಅಂಟಿಸಿದ್ದಾರೆ. ಅದೇ ಗಾಜಿನ ಹಿಂದೆ ಕೂತ ಈ ಪುಣ್ಯಾತ್ಮ ಮಾತಾಡು ಅನ್ನುತ್ತಿದ್ದಾನೆ! ಇಪ್ಪತ್ತೆರಡು ವರ್ಷ ಬಸ್ಸಿನ ಹಿಂಬಾಗಿಲಲ್ಲಿ ನಿಂತು ‘ರೈಟ್, ರೈಟ್’ ಅಂದ ಗಂಡಸು ಅವಳ ಗಂಡ. ಹೋದ ವರ್ಷ ಡಾಕ್ಟರು ಗಂಟಲಿನ ಗಂಟಿನ ಜೊತೆಗೆ ಧ್ವನಿಯ ಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಉಸಿರಾಟವೆಲ್ಲ ಕುತ್ತಿಗೆಯಲ್ಲಿ ಕೊರೆದ ತೂತಿನಿಂದ, ಮಾತೆಲ್ಲ ಜೇಬಿನ ಪುಟ್ಟ ನೋಟ್‌ಬುಕ್ಕಿನಲ್ಲಿ. ಆ ಯಂತ್ರ ಸಿಕ್ಕರೆ ಕುತ್ತಿಗೆಗೆ ಹಿಡಿದು ತುಟಿ ಆಡಿಸಿದರೆ ಸಾಕು, ಮಾತು ಕೇಳುತ್ತದಂತೆ. ಅದನ್ನು ಕೊಳ್ಳುವ ಶಕ್ತಿ, ಲಾಂಡ್ರಿಯಲ್ಲಿ ಇಸ್ತ್ರಿ ತಿಕ್ಕುವ ಅವಳಿಗೆ ಎಲ್ಲಿಂದ ಬರಬೇಕು?

“ಸಾರ್, ಇವರಿಗೆ ಮಾತು ಬರೋ ಹಾಗಿದ್ರೆ ನಾವ್ಯಾಕೆ ಬೆಳಗ್ಗೆಯಿಂದ ಈ ಸಾಲಲ್ಲಿ ನಿಲ್ತಿದ್ವಿ? ಇವರು ಬರೀತಾರೆ. ಸಹಿ ಹಾಕ್ತಾರೆ. ತಗೊಳ್ಳಿ.”

“ನನಗೂ ಕಣ್ಣಿದೆಯಮ್ಮ. ಸಹಿ, ಹೆಬ್ಬೆಟ್ಟು ಎಲ್ಲ ಕೈ ಹಿಡಿದು ಒತ್ತಿಸ್ಕೊಳ್ತಾರೆ ಅಂತ ದೂರು ಹೋಯ್ತು. ಅದಕ್ಕೇ ಹೊಸ ನಿಯಮ. ಸಮ್ಮತಿ ಅರ್ಜಿದಾರರ ಬಾಯಿಂದಲೇ ಬರಬೇಕು. ಧ್ವನಿ ಬೀಳದೆ ಕಂಪ್ಯೂಟರು ಮುಂದಿನ ಪುಟಕ್ಕೇ ಹೋಗಲ್ಲ. ಇವತ್ತು ಕಡೇ ದಿನ ಬೇರೆ.” ಗುಮಾಸ್ತ ಬಾಗಿಲ ಕಡೆ ಕತ್ತು ಹೊರಳಿಸಿ ಕೂಗಿದ. “ವಾಚ್‌ಮ್ಯಾನ್! ಬಾರಪ್ಪ, ಇನ್ನೊಂದಿದೆ.”

ವಾಚ್‌ಮ್ಯಾನ್ ಕೋಲನ್ನು ಗೋಡೆಗೆ ಒರಗಿಸಿ ಬಂದ. ಬೆಳಗ್ಗೆಯಿಂದ ಇದು ಹನ್ನೊಂದನೆಯದು ಎಂದು ಅವನೇ ಹೇಳಿಕೊಂಡ. ಗಂಡಸರ ಬದಲು ಮಾತಾಡಲು ಅವನು, ಹೆಂಗಸರ ಬದಲು ಕಸ ಗುಡಿಸುವ ಅಕ್ಕ. ಮೈಕನ್ನು ತನ್ನತ್ತ ಎಳೆದುಕೊಂಡು, ಗಂಟಲು ಸರಿಮಾಡಿ, ಬಾಯಿಪಾಠ ಒಪ್ಪಿಸುವವನ ಹಾಗೆ ಶುರುಮಾಡಿದ. “ಅರ್ಜಿದಾರನಾದ ನಾನು, ನನ್ನ ವಿಳಾಸ, ಫೋನ್ ನಂಬರು, ಭಾವಚಿತ್ರ, ಕಾಯಿಲೆಯ ಕಾಗದಪತ್ರ ಎಲ್ಲವನ್ನೂ ಇಲಾಖೆ ಮತ್ತು ಇಲಾಖೆಗೆ ಸಂಬಂಧಪಟ್ಟ ಇತರ ಸಂಸ್ಥೆಗಳಿಗೆ...”

ಕಂಡಕ್ಟರ್ ಅಂಗೈಯಿಂದ ಮೈಕು ಮುಚ್ಚಿದ. ಜೇಬಿನಿಂದ ನೋಟ್‌ಬುಕ್ ತೆಗೆದು ಬರೆದು ಗಾಜಿಗೆ ಒತ್ತಿ ಹಿಡಿದ: ‘ಇತರ ಅಂದರೆ ಯಾರು?’

“ಅಯ್ಯೋ, ಅದೆಲ್ಲ ಯಾರೂ ಕೇಳಲ್ಲ ಸ್ವಾಮಿ,” ಎಂದ ಗುಮಾಸ್ತ.

“ರೀ, ಹಟ ಬೇಡ. ಯಂತ್ರ ಕೈಗೆ ಬರ್ಲಿ ಮೊದಲು,” ಎಂದು ಅವಳು ಗಂಡನ ತೋಳು ಹಿಡಿದಳು. ಹಿಡಿದವಳೇ ಮರುಕ್ಷಣ ಕೈ ಸಡಿಲಿಸಿದಳು. ಆಸ್ಪತ್ರೆ ಖರ್ಚಿನ ನೆರವಿಗೆಂದು ಹಿಂದೆ ಒಂದು ಕಡೆ ಹೀಗೇ ನಂಬರು ಕೊಟ್ಟಿದ್ದರು. ಎಂಟೇ ದಿನಕ್ಕೆ ವಿಮೆಯವನೊಬ್ಬ ಫೋನ್ ಮಾಡಿ, ‘ಯಜಮಾನರು ಇನ್ನೂ ಇದ್ದಾರಾ ಮೇಡಂ?’ ಎಂದು ಜೇನಿನಂಥ ದನಿಯಲ್ಲಿ ಕೇಳಿದ್ದ. ಯಜಮಾನರು ಎದುರಿಗೇ ಕೂತು ಗಂಜಿ ಕುಡಿಯುತ್ತಿದ್ದರು. ಫೋನು ಸ್ಪೀಕರಿನಲ್ಲಿತ್ತು. ಅವತ್ತು ಅರ್ಧಕ್ಕೇ ಬಟ್ಟಲು ಕೆಳಗಿಟ್ಟು ಎದ್ದ ಮನುಷ್ಯ ಈಗ ‘ಯಾರು’ ಎಂದು ಕೇಳಿದರೆ ತಪ್ಪೇನು?

“ಸಾರ್, ಬರೀ ಯಂತ್ರ ಕೊಡೋರಿಗಷ್ಟೇ ಕೊಟ್ರೆ ಆಗಲ್ವಾ?”

“ಎಲ್ಲ ಸೇರಿಸಿ ಒಂದೇ ಒಪ್ಪಿಗೆ. ಬಲವಂತ ಏನೂ ಇಲ್ಲಮ್ಮ. ಬೇಡ ಅಂದ್ರೆ ಅರ್ಜಿ ರದ್ದು, ಅಷ್ಟೇ.”

ಅವಳಿಗೆ ನಖಶಿಖಾಂತ ಉರಿದುಹೋಯಿತು. “ಬಲವಂತ ಇಲ್ವಾ? ಮಾತು ಹೋದವನನ್ನ ಮಾತಾಡು ಅಂತೀರಿ. ಆಗದಿದ್ರೆ ಯಾವನದೋ ಗಂಟಲು ತಂದು ಇವರ ಬಾಯಿಗೆ ತುರುಕ್ತೀರಿ. ಯಾರಿಗೆ ಕೊಡ್ತೀರಿ ಅಂದ್ರೆ ನಿಮಗೇ ಗೊತ್ತಿಲ್ಲ. ಇದಕ್ಕೆ ಒಪ್ಪಿಗೆ ಅಂತ ಹೆಸರು ಬೇರೆ! ನಾಚಿಕೆ ಆಗಲ್ವಾ ನಿಮಗೆ?” ಸಾಲಿನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿದರು. ವಾಚ್‌ಮ್ಯಾನ್ ತನ್ನ ಚಪ್ಪಲಿ ನೋಡತೊಡಗಿದ. ಅವಳು ಅವನ ಮುಂದಿದ್ದ ಮೈಕನ್ನು ಎಳೆದು ಗಂಡನ ಮುಂದಿಟ್ಟಳು. “ಯಂತ್ರ ಬಂದ್ರೆ ಬರ್ಲಿ, ಹೋದ್ರೆ ಹೋಗ್ಲಿ. ನಿಮ್ಮ ಮನಸ್ಸಲ್ಲಿ ಏನಿದೆಯೋ ಅದನ್ನ ನೀವೇ ಹೇಳ್ರೀ.”

ಕಂಡಕ್ಟರ್ ಕುತ್ತಿಗೆಯ ಬಟ್ಟೆ ಬಿಚ್ಚಿದ. ಮೈಕಿಗೆ ಬಾಗಿ, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿಕೊಂಡು ತುಟಿ ಆಡಿಸಿದ. ‘ಕೊಡಲ್ಲ.’ ಕುತ್ತಿಗೆಯ ತೂತಿನಿಂದ ಬರೀ ಗಾಳಿ ಸುಯ್ಯೆಂದಿತು. ಮುಖ ಕೆಂಪಾಗುವ ಹಾಗೆ ಇನ್ನೊಂದು ಸಲ ಹೇಳಿದ, ತಲೆಯನ್ನೂ ಅಡ್ಡಡ್ಡ ಆಡಿಸಿದ. ಆ ತುಟಿ ಏನನ್ನುತ್ತಿದೆ ಎಂಬುದು ಕೊನೆಯಲ್ಲಿ ನಿಂತಿದ್ದವರಿಗೂ ಗೊತ್ತಾಯಿತು.

ಕಂಪ್ಯೂಟರು ಟಿಣ್ ಎಂದಿತು. ಪರದೆಯ ಮೂಲೆಯಲ್ಲಿ ಹಸಿರು ಗುರುತು ಮೂಡಿತು. ಗುಮಾಸ್ತನ ಮುಖ ಅರಳಿತು. “ನೋಡಿದ್ರಾ, ತಗೊಂಡೇಬಿಡ್ತು! ಸುಮ್ಮನೆ ಕೂಗಾಡಿದ್ರಿ,” ಎಂದು, ಪಕ್ಕದ ಪ್ರಿಂಟರಿನಿಂದ ಹೊರಬಂದ ಚೀಟಿಯನ್ನು ಹರಿದು ಗಾಜಿನ ಕೆಳಗಿಂದ ಅವಳತ್ತ ಸರಿಸಿದ. “ಯಂತ್ರ ಮನೆಗೇ ಬರುತ್ತೆ. ಮುಂದಿನವರು!”

ಅವಳು ಚೀಟಿ ಓದಿದಳು: ‘ಅರ್ಜಿದಾರರು ತಮ್ಮ ಎಲ್ಲ ಮಾಹಿತಿಯನ್ನು ಹಂಚಿಕೊಳ್ಳಲು ಸ್ವಇಚ್ಛೆಯಿಂದ, ಸ್ಪಷ್ಟ ಧ್ವನಿಯಲ್ಲಿ, ಎರಡು ಬಾರಿ ಒಪ್ಪಿದ್ದಾರೆ.’