ಕಲ್ಲೇನಹಳ್ಳಿಯ ತಕರಾರು

ಸಿಕ್ಕಿದ.

ವಿಶಾಖಾ ಲ್ಯಾಪ್‌ಟಾಪಿನ ಪರದೆಗೆ ಇನ್ನಷ್ಟು ಬಾಗಿದಳು. ಕಲ್ಲೇನಹಳ್ಳಿ. ಸೋಲಾರ್ ಘಟಕ. ಗ್ರಿಡ್ ಸಂಪರ್ಕಕ್ಕೆ ಅರ್ಜಿ. ಕಂಪನಿಯ ಹೆಸರು ಎಂದೂ ಕೇಳದ್ದು. ಆದರೆ ಸಂಪರ್ಕಿಸಬೇಕಾದ ವ್ಯಕ್ತಿ ಶಶಿಕುಮಾರ್ ಎಂದು ಸ್ಪಷ್ಟವಾಗಿ ಬರೆದಿತ್ತು.

ಸೋಲಾರ್ ಕರೆಂಟನ್ನು ಗ್ರಿಡ್‌ಗೆ ಕೊಡಬೇಕೆನ್ನುವವರು ಅರ್ಜಿ ಹಾಕಿ ಸರದಿಯಲ್ಲಿ ಕಾಯಬೇಕು. ಆ ಸರದಿಯ ಪಟ್ಟಿಯನ್ನು ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು, ತಕರಾರನ್ನೂ ಸಲ್ಲಿಸಬಹುದು. ತಕರಾರು ನಿಜವೆಂದಾದರೆ ಅರ್ಜಿ ಬಿದ್ದುಹೋಗುತ್ತದೆ, ಜಾಗ ಹಿಂದೆ ನಿಂತವರ ಪಾಲಾಗುತ್ತದೆ. ಬಸವನಗುಡಿಯ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಹೇಳುವ ವಿಶಾಖಾಳಿಗೆ ಇದು ಗೊತ್ತಾದಂದಿನಿಂದ ಬೆಳಗಿನ ಕಾಫಿ ಆ ಪಟ್ಟಿಯ ಮುಂದೆಯೇ.

ಶಶಿಕುಮಾರ್ ಅವಳ ತಮ್ಮ ರಾಘವನ ಗೆಳೆಯನಾಗಿದ್ದ. ಮತ್ತಿಕೆರೆಯ ರೂಮಿನಿಂದ ಭಾನುವಾರದ ಊಟಕ್ಕೆ ಇವರ ಮನೆಗೇ ಬರುತ್ತಿದ್ದ. ಅಮ್ಮ ಅಂಬುಜಮ್ಮನಿಂದ ಹುಳಿ ಮತ್ತೆ ಮತ್ತೆ ಬಡಿಸಿಕೊಂಡು, ವಿಶಾಖಾಳನ್ನು ಬಾಯಿ ತುಂಬ ‘ಅಕ್ಕಾ’ ಎನ್ನುತ್ತಿದ್ದ. ಗೆಳೆಯರಿಬ್ಬರೂ ಸೇರಿ ಸೋಲಾರ್ ಕಂಪನಿ ಕಟ್ಟಿದರು. ಅದು ಕುದುರುವ ಹೊತ್ತಿಗೆ ಶಶಿಕುಮಾರ್ ರಾಘವನನ್ನು ಹೊರಗೆ ತಳ್ಳಿದ. ಸಾಲದ್ದಕ್ಕೆ ಅವನೇ ಕಂಪನಿಯ ನಕ್ಷೆ ಕದ್ದನೆಂದು ಪೊಲೀಸರಿಗೆ ದೂರು ಕೊಟ್ಟ. ರಾಘವನಿಗೆ ಗೊತ್ತಾಗಿದ್ದ ಮದುವೆಯನ್ನು ಹೆಣ್ಣಿನ ಕಡೆಯವರು ಮುರಿದರು. ಸುಲ್ತಾನ್‌ಪೇಟೆಯಲ್ಲಿ ಅಚ್ಚಾಗಿ ಬಂದಿದ್ದ ಲಗ್ನಪತ್ರಿಕೆಗಳ ಕಟ್ಟನ್ನು ಯಾರೂ ಬಿಚ್ಚಲೇ ಇಲ್ಲ. ರಾಘವ ರೂಮಿನ ಬಾಗಿಲು ಹಾಕಿಕೊಂಡ.

“ಇನ್ನೊಂದು ಏಟು ಬಿದ್ರೆ ಇವನು ತಡ್ಕೊಳಲ್ಲ ಕಣೇ” ಎಂದು ಅಂಬುಜಮ್ಮ ಅಡುಗೆಮನೆಯಲ್ಲಿ ಅತ್ತಿದ್ದಳು.

ವಿಶಾಖಾ ಅಳಲಿಲ್ಲ. ಪಟ್ಟಿ ಹುಡುಕಲು ಕೂತಳು. ಶಶಿಕುಮಾರ್ ಪ್ರತಿ ಸಲವೂ ಬೇರೆ ಕಂಪನಿಯ, ಬೇರೆ ಯಾರದೋ ಹೆಸರಿನಲ್ಲಿ ಅರ್ಜಿ ಹಾಕುತ್ತಿದ್ದ. ಅವಳು ಫೋನ್ ನಂಬರಿನಿಂದ ಅವನನ್ನು ಹಿಡಿಯುತ್ತಿದ್ದಳು. ಒಂದು ಕಡೆ ಜಮೀನಿನ ಕರಾರು ಸುಳ್ಳಾಗಿತ್ತು, ಇನ್ನೊಂದು ಕಡೆ ಕೆರೆ ಒತ್ತುವರಿಯಾಗಿತ್ತು. ಮೂರು ಅರ್ಜಿಗಳು ಬಿದ್ದವು. ಪ್ರತಿ ಸಲವೂ ತಕರಾರಿನ ಕೆಳಗೆ ತನ್ನ ಪೂರ್ತಿ ಹೆಸರು ಬರೆದಿದ್ದಳು. ಯಾರು ಹೊಡೆದರೆಂದು ಅವನಿಗೆ ತಿಳಿಯಬೇಕಿತ್ತು.

ಈ ಸಲ ನಂಬರಿನ ಹಂಗೂ ಬೇಕಾಗಲಿಲ್ಲ. ಹೆಸರೇ ಇತ್ತು. ಸೊಕ್ಕು, ಅಂದುಕೊಂಡಳು. ಅದೂ ಕಲ್ಲೇನಹಳ್ಳಿ! ರಾಘವ ಬಿಸಿಲಲ್ಲಿ ಅಲೆದು ಹುಡುಕಿದ್ದ ಜಾಗ, ಅವನ ಮೊದಲ ನಕ್ಷೆ.

ರಾಘವ ಈಚೆಗೆ ಚೇತರಿಸಿಕೊಂಡಿದ್ದ. ಗಡ್ಡ ಬೋಳಿಸಿದ್ದ, ಹೊರಗೆ ಓಡಾಡತೊಡಗಿದ್ದ. ತನ್ನ ಗೆಲುವುಗಳೇ ಅವನಿಗೆ ಮದ್ದಾಗಿವೆ ಎಂದು ವಿಶಾಖಾಳಿಗೆ ಒಳಗೊಳಗೇ ಹೆಮ್ಮೆ. ಅವನು ಮಾತ್ರ, “ಅಕ್ಕಾ, ಆ ಲಿಸ್ಟ್ ನೋಡೋದು ಬಿಟ್ಬಿಡು. ಸಾಕು ಈ ದ್ವೇಷ” ಎನ್ನುತ್ತಿದ್ದ.

“ಆಯ್ತು ಬಿಡು” ಎಂದಳು. ಬಿಡಲಿಲ್ಲ. ಆ ಶನಿವಾರ ಬಸ್ಸು ಹತ್ತಿ ಕಲ್ಲೇನಹಳ್ಳಿಗೇ ಹೋದಳು. ಸಬ್‌ಸ್ಟೇಷನ್ನಿಗೆ ಹೋಗುವ ಲೈನು ಶಾಲೆಯ ಆಟದ ಬಯಲಿನ ಮೇಲೆಯೇ ಹಾಯುವಂತಿತ್ತು. ಫೋಟೋ ತೆಗೆದಳು. ತಕರಾರು ಹಾಕಿದಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಗೆದ್ದ ಮೇಲೆ ಹೇಳಿದರಾಯಿತು.

ವಿಚಾರಣೆಯ ದಿನ ಶಶಿಕುಮಾರ್ ಒಬ್ಬನೇ ಬಂದಿದ್ದ. ವಕೀಲರಿರಲಿಲ್ಲ, ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಅಧಿಕಾರಿ ಮಲ್ಲಿಕಾರ್ಜುನಯ್ಯ ಫೋಟೋಗಳನ್ನು ನೋಡಿ ತಲೆ ಎತ್ತಿದರು.

“ಕಂಬಗಳನ್ನ ಪಕ್ಕದ ಹೊಲದ ಬದಿಗೆ ಹಾಕಿದ್ರೆ ಆಯ್ತಲ್ರೀ. ಹೊಸ ನಕ್ಷೆ ಕೊಡ್ತೀರಾ? ಟೈಮ್ ಕೊಡ್ತೀನಿ.”

ವಿಶಾಖಾ ಕುರ್ಚಿಯ ಅಂಚಿಗೆ ಸರಿದಳು. ಈ ದಾರಿಯನ್ನು ಅವಳು ಯೋಚಿಸಿರಲಿಲ್ಲ.

“ಬೇಡ ಸಾರ್” ಎಂದ ಶಶಿಕುಮಾರ್. “ಮೇಡಂ ಹೇಳಿದ್ದು ಸರಿಯಾಗಿದೆ. ನಂದೇನೂ ಹೇಳೋದಿಲ್ಲ.”

“ಅರ್ಜಿ ಬಿದ್ದುಹೋಗುತ್ತೆ. ಮತ್ತೆ ಸರದಿಯ ಕೊನೆಗೆ ಹೋಗ್ಬೇಕಾಗುತ್ತೆ. ಆ ಸಬ್‌ಸ್ಟೇಷನ್ನಲ್ಲಿ ಇನ್ನು ಜಾಗವೂ ಉಳಿಯಲ್ಲ.”

“ಗೊತ್ತು ಸಾರ್.”

ಮಲ್ಲಿಕಾರ್ಜುನಯ್ಯ ಭುಜ ಹಾರಿಸಿ ಸಹಿ ಹಾಕಿದರು.

ಹೊರಗೆ ಮೆಟ್ಟಿಲ ಬಳಿ ಅವನು ನಿಂತಿದ್ದ. ವಿಶಾಖಾ ಮುಖ ತಿರುಗಿಸಲಿಲ್ಲ. ಈ ಗಳಿಗೆಗಾಗಿಯೇ ಅಲ್ಲವೇ ಅವಳು ಇಷ್ಟು ದಿನ ಕಾದದ್ದು?

“ಹೇಗಿದೆ ಶಶಿ? ಕೈಗೆ ಬಂದದ್ದು ಬಾಯಿಗೆ ಬರದೇ ಇದ್ರೆ ಹೇಗಿರುತ್ತೆ ಅಂತ ಈಗ ಗೊತ್ತಾಯ್ತಾ?”

“ನಂಗೆ ಆಗ್ಲೇ ಮೂರು ಸಲ ಗೊತ್ತಾಗಿದೆ ಅಕ್ಕಾ” ಎಂದ ಅವನು, ಮೆಲ್ಲಗೆ. “ನೀವು ಬಿಡಲ್ಲ ಅಂತ ನಂಬ್ಕೊಂಡೇ ಇವತ್ತು ಬಂದೆ. ರಾಘವನ್ನ ಕೇಳ್ದೆ ಅಂತ ಹೇಳಿ.”

ಆ ಹೆಸರನ್ನು ಅವನ ಬಾಯಲ್ಲಿ ಕೇಳಿ ಮೈ ಉರಿಯಿತು. ಆದರೂ ಗೆದ್ದವಳು ತಾನು. ಮಾತು ಬೆಳೆಸದೆ ಆಟೋ ಹತ್ತಿದಳು. ಗಾಂಧಿ ಬಜಾರಿನಲ್ಲಿ ಇಳಿದು ಬಾದಾಮಿ ಹಲ್ವ ಕಟ್ಟಿಸಿಕೊಂಡಳು. ಹೂವಿನವರ ಸಾಲಿನಲ್ಲಿ ನಡೆಯುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ.

ಬಾಗಿಲು ತೆರೆದವನು ರಾಘವ. ಹೊಸ ಶರ್ಟು, ತಿದ್ದಿ ಬಾಚಿದ ಕೂದಲು, ಎಷ್ಟೋ ಕಾಲದಿಂದ ಕಾಣದ ನಗು. ಅವನ ಹಿಂದೆ ಅಂಬುಜಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದು ಸಂತೋಷದ ಅಳು.

“ರಾಘು, ನಿಂಗೊಂದು ಸುದ್ದಿ” ಎಂದಳು ವಿಶಾಖಾ, ಹಲ್ವದ ಪೊಟ್ಟಣ ಎತ್ತಿ ಹಿಡಿದು.

“ಮೊದಲು ನಂದು ಕೇಳು. ನಿನ್ನ ಹತ್ರ ಮುಚ್ಚಿಟ್ಟಿದ್ದೆ, ಬೈಬೇಡ” ಎಂದು ಅವನು ಅವಳ ಕೈ ಹಿಡಿದುಕೊಂಡ.

“ಶಶಿ ಬಂದು ಕಾಲಿಗೆ ಬಿದ್ದ ಅಕ್ಕಾ, ಕಲ್ಲೇನಹಳ್ಳಿ ಕಂಪನೀನ ಪೂರ್ತಿ ನನ್ನ ಹೆಸರಿಗೇ ಬರೆದುಕೊಟ್ಟಿದಾನೆ, ಲಿಸ್ಟಲ್ಲಿ ಹೆಸರು ಬದಲಾಗೋವರೆಗೂ ಕಚೇರಿ ಓಡಾಟ ಎಲ್ಲಾ ತಾನೇ ನೋಡ್ಕೋತೀನಿ ಅಂದಿದಾನೆ.”