ಬಿಗಿ ಹಿಡಿದ ದಾರ

ಬೆಳಗ್ಗೆ ಆರೂವರೆಗೆ, ಬೆಟ್ಟದ ಮೇಲಿನ ಕೆರೆಯಲ್ಲಿ, ನೀರಿಗಿಳಿದು ನಿಂತಿದ್ದ ಅಳಿಯ ಬೀಸಿದ, ಗರಿಯಿಂದ ನೊಣದಂತೆ ಕಟ್ಟಿದ ಗಾಳಕ್ಕೆ ಭಾರೀ ಕಂದು ಟ್ರೌಟ್ ಮೀನು ಕಚ್ಚಿತು. ಆ ಕೆರೆಯಲ್ಲಿ ಅತಿ ದೊಡ್ಡ ಮೀನು ಹಿಡಿದ ದಾಖಲೆ ದಡದಲ್ಲಿದ್ದ ಸೋದರಮಾವನ ಹೆಸರಿನಲ್ಲಿತ್ತು. ಈ ಮೀನು ಕೈಸೇರಿದರೆ ಅದು ಮುರಿಯುತ್ತಿತ್ತು.

"ಹಾರೋಕೆ ಹೊರಟಿದೆ. ದಾರ ಸಡಿಲ ಬಿಡೋ!" ಮಾವ ಕೂಗಿದರು.

"ಬಿಟ್ರೆ ಮೀನು ತಪ್ಪಿಸ್ಕೊಂಡು ನಿಮ್ಮ ಹೆಸರು ಉಳಿಯುತ್ತೆ, ಅಲ್ವಾ ಮಾವ?"

"ತಲೆಹರಟೆ ಆಮೇಲೆ. ಕೋಲು ತಗ್ಗಿಸು, ಕಡಿದುಹೋಗುತ್ತೆ!"

"ಇಷ್ಟು ವರ್ಷ ಮೆರೆದಿದ್ದು ಸಾಕು. ಸುಮ್ನಿರಿ."

ಅಳಿಯ ಮೀನಿನಿಂದ ಕಣ್ಣು ತೆಗೆಯದೆ ದಾರವನ್ನು ಇನ್ನಷ್ಟು ಬಿಗಿ ಹಿಡಿದ. ಟ್ರೌಟ್ ನೀರಿನಿಂದ ಮೇಲಕ್ಕೆ ಚಿಮ್ಮಿತು. ದಾರ ಪಟ್ಟನೆ ತುಂಡಾಯಿತು.

"ಈಗ ಸಮಾಧಾನವಾ?" ಎನ್ನುತ್ತಾ ಅವನು ದಡದತ್ತ ತಿರುಗಿದ.

ಅಲ್ಲಿ ಯಾರೂ ಇರಲಿಲ್ಲ. ಮಾವ ಅವನ ಪಕ್ಕದಲ್ಲೇ, ಕೊರೆಯುವ ನೀರಿನಲ್ಲಿ ಎದೆಮಟ್ಟದವರೆಗೆ ಇಳಿದು, ಮೀನೆತ್ತುವ ಬಲೆ ಬಿಡಿಸಿ ಹಿಡಿದು ನಿಂತಿದ್ದರು.