ಸಹಾಯ ಕೇಂದ್ರದಲ್ಲಿ ಒಂದು ಮಂಚ

ಸೊಸೆ ಮತ್ತು ಹಾಲಿನ ಗಾಡಿಯವನು ಸೇರಿ ಮಂಚವನ್ನು ಅಧಿಕಾರಿಯ ಮೇಜಿನ ಮುಂದೆಯೇ ಇಳಿಸಿದರು. ಅದರ ಮೇಲೆ ಅತ್ತೆ ಮಲಗಿದ್ದರು. ಲಕ್ವ ಹೊಡೆದು ಅವರ ಎಡಭಾಗ ಬಿದ್ದುಹೋಗಿತ್ತು. ನಾಲಿಗೆ ಮಾತ್ರ ಚುರುಕಾಗಿಯೇ ಇತ್ತು.

"ಇದೇನಮ್ಮಾ, ಮಂಚಾನೇ ಹೊತ್ತು ತಂದಿದ್ದೀರಾ?" ಎಂದರು ಸಹಾಯ ಕೇಂದ್ರದ ಅಧಿಕಾರಿ.

"ಮನೆಗೆ ನರ್ಸ್ ಕಳಿಸಿ ಅಂತ ಎಷ್ಟು ಸಲ ಕೇಳಿದೆ ಸಾರ್. ರೋಗೀನ ಕಣ್ಣಾರೆ ನೋಡದೆ ಆಗಲ್ಲ ಅಂದ್ರಿ. ನೋಡಿ," ಎಂದಳು ಸೊಸೆ. ನಿದ್ದೆಗೆಟ್ಟು ಅವಳ ಕಣ್ಣುಗಳು ಕೆಂಪಾಗಿದ್ದವು.

"ನೋಡಿದೆ. ಆದರೆ ನಿಮ್ಮೂರಿನ ರಸ್ತೆ ಸರಿ ಇಲ್ಲ, ನರ್ಸ್ ಬರೋದು ಕಷ್ಟ. ಮುಂದಿನ ವಾರ ಬನ್ನಿ, ಯೋಚನೆ ಮಾಡೋಣ."

ಸೊಸೆ ಮತ್ತೆ ಮಂಚ ಎತ್ತಲು ಬಗ್ಗಿದಳು. ಅತ್ತೆ ಬಲಗೈಯಿಂದ ಅವಳನ್ನು ತಡೆದರು.

"ಬಿಡೇ. ನಾನು ಇಲ್ಲೇ ಇರ್ತೀನಿ. ನರ್ಸಿಗೆ ರಸ್ತೆಯ ತೊಂದರೆ ಇಲ್ಲ, ಇವರಿಗೂ ಯೋಚನೆ ಮಾಡೋಕೆ ಅನುಕೂಲ. ಮಗ್ಗುಲು ಬದಲಿಸಬೇಕಾದಾಗ ಈ ಸಾಹೇಬರನ್ನೇ ಕರೀತೀನಿ. ನೀನು ಮನೆಗೆ ಹೋಗಿ ಕಣ್ತುಂಬ ನಿದ್ದೆ ಮಾಡು."

ಸೊಸೆ ಅತ್ತೆಯ ಮುಖವನ್ನೇ ನೋಡಿದಳು. ಆಮೇಲೆ ಅವರ ಹೊದಿಕೆ ಸರಿಪಡಿಸಿ, ಬದಲಾಯಿಸುವ ಬಟ್ಟೆಗಳ ಚೀಲವನ್ನು ಅಧಿಕಾರಿಯ ಮೇಜಿನ ಮೇಲಿಟ್ಟು, ಹಿಂದಿರುಗಿ ನೋಡದೆ ಹೊರನಡೆದಳು.

ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಅಧಿಕಾರಿ ಒಳಕೋಣೆಯತ್ತ ಕೂಗಿದ್ದು ಕೇಳಿಸಿತು: "ಸಿಸ್ಟರ್, ಬೇಗ ಬ್ಯಾಗ್ ತಗೊಂಡು ಬನ್ನಿ. ಹಾಲಿನ ಗಾಡಿ ಇನ್ನೂ ಹೊರಟಿಲ್ಲ."